ಹೊಟ್ಟೆ ಬಿಟ್ಟ ಗೋಡೆ

ಆ ಮನೆಯಲ್ಲಿ ಆಸ್ತಿ ಪಾಲಾಗಿರಲಿಲ್ಲ. ಪಾಲು ಮಾಡಿಕೊಳ್ಳುವಂಥ ಆಸ್ತಿಯೂ ಇರಲಿಲ್ಲ. ಪಾಲಾಗಿದ್ದದ್ದು ಊರವರ ಗೋಡೆಗಳು. ಯಾರದೇ ಮನೆಯ ಹೊರಗೋಡೆಯಾಗಲಿ, ಮೇಲಿನರ್ಧ ಗಂಡನದು, ಕೆಳಗಿನರ್ಧ ಹೆಂಡತಿಯದು. ಮೇಸ್ತ್ರಿ ಏಣಿಯ ಮೇಲೆ, ಅವಳು ನೆಲದ ಮೇಲೆ. ಎರಡು ಪಾಲೂ ಕೂಡುವ ಗೆರೆ ಅವಳ ಹೆಗಲಿನ ಎತ್ತರಕ್ಕೆ ಬರುತ್ತಿತ್ತು. ಬಣ್ಣ ಹಸಿಯಾಗಿರುವಾಗಲೇ ಇಬ್ಬರ ಬ್ರಶ್ಶೂ ಅಲ್ಲಿ ಸೇರಿ ಆ ಗೆರೆಯನ್ನು ಅಳಿಸಬೇಕು. ಸ್ವಲ್ಪ ತಡವಾದರೂ ಗೋಡೆಯ ನಡುವಿಗೆ ಬೆಲ್ಟು ಬಿಗಿದಂತೆ ಪಟ್ಟೆ ಮೂಡಿಬಿಡುತ್ತದೆ. ಹಾಗಾಗಿ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಇಬ್ಬರೂ ಗೆರೆಯ ಹತ್ತಿರ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಿದ್ದರು. "ನಮ್ಮ ಜಗಳಕ್ಕೆ ಬಣ್ಣ ಒಣಗೋವಷ್ಟೇ ಆಯಸ್ಸು" ಎಂದು ಮೇಸ್ತ್ರಿ ಕೇಳಿದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಜನ ಅವಳನ್ನು ಬಣ್ಣದಕ್ಕ ಎಂದು ಕರೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಗಂಡನಿಗೆ ಬುತ್ತಿ ತಂದುಕೊಡಲು ಬಂದವಳು, ಅವನ ಊಟ ಮುಗಿಯುವ ತನಕ ಬ್ರಶ್ಶು ಹಿಡಿದು ನಿಂತವಳು, ಸುಮ್ಮನೆ ನಿಲ್ಲಲಾರದೆ ಗೋಡೆಗೆ ಎರಡು ಗೀರು ಎಳೆದವಳು, ಆಮೇಲೆ ಆ ಬ್ರಶ್ಶನ್ನು ಕೆಳಗಿಡಲೇ ಇಲ್ಲ. ಕೆಳಗಿನರ್ಧವೆಂದರೆ ಕಡಿಮೆ ಕೆಲಸವೆಂದು ಅರ್ಥವಲ್ಲ. ಮಳೆಗೆ ಸಿಡಿದ ಕೆಸರು, ಪಾಚಿ, ಗಾಡಿಗಳ ಹೊಗೆ, ಮಕ್ಕಳ ಚೆಂಡಿನ ಮುದ್ರೆ, ಒರಗಿ ನಿಂತವರ ತಲೆಯೆಣ್ಣೆ, ಎಲ್ಲ ಬಂದು ಕೂರುವುದು ಅಲ್ಲೇ. ತಂತಿ ಬ್ರಶ್ಶಿನಲ್ಲಿ ಕೆರೆದು, ತೊಳೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ ನಯ ಮಾಡಿ, ಆಮೇಲೆ ಬಣ್ಣ. ಕೆಲಸ ಮುಗಿದ ದಿನ ಮನೆಯವರು ಬೀದಿಯ ಆಚೆ ಬದಿಗೆ ಹೋಗಿ ಕತ್ತೆತ್ತಿ ನೋಡಿ, "ಮೇಸ್ತ್ರಿ ಕೈ ಅಂದ್ರೆ ಕೈ" ಎನ್ನುತ್ತಿದ್ದರು. ಕತ್ತು ತಗ್ಗಿಸಿ ನೋಡುವವರು ಕಡಿಮೆ.

"ನನ್ನ ಪಾಲಿಗೆ ನಾಯಿಗಳೇ ಗಿರಾಕಿ. ಅವು ಮೆಚ್ಚಿದ್ರೂ ಕಾಲೆತ್ತುತ್ತವೆ, ಮೆಚ್ಚದಿದ್ರೂ ಕಾಲೆತ್ತುತ್ತವೆ" ಎಂದು ಅವಳು ನಗುತ್ತಿದ್ದಳು. ನಗು ನಿಜವಾದದ್ದೇ. ಆದರೆ ಹೊರಗೆ ಒಣಗಿದ ಗೋಡೆ ಒಳಗೂ ಒಣಗಿರುತ್ತದೆಂದು ಹೇಳಲಾಗದು.

ಏರುಬೀದಿಯ ತಿರುವಿನಲ್ಲಿ ದರ್ಜಿಯಮ್ಮನ ಮನೆ. ಬೀದಿಗಿಂತ ಎರಡಾಳೆತ್ತರ ಮೇಲಿರುವ ಅಂಗಳ. ಅಂಗಳದ ಮಣ್ಣು ಬೀದಿಗೆ ಕುಸಿಯದಂತೆ ತಡೆದು ನಿಂತ ಉದ್ದನೆಯ ಗೋಡೆ. ಆ ಗೋಡೆಯ ಬುಡದಲ್ಲಿ, ಮೊಣಕಾಲಿನ ಮಟ್ಟಕ್ಕೆ, ಸಾಲಾಗಿ ಪೈಪುಗಳ ಬಾಯಿ. ಮಳೆ ಬಂದಾಗ ಮಣ್ಣಿನೊಳಗೆ ಸೇರಿದ ನೀರು ಆ ಬಾಯಿಗಳಿಂದ ಇಳಿದುಹೋಗಲೆಂದು ಕಟ್ಟಿದವರು ಇಟ್ಟದ್ದು. ಇಳಿಯುವ ನೀರು ಮಣ್ಣಿನ ಬಣ್ಣದ್ದು. ಪ್ರತಿ ಮಳೆಗಾಲ ಮುಗಿದಾಗಲೂ ಒಂದೊಂದು ಪೈಪಿನ ಕೆಳಗೂ ಕಂದು ಕಲೆ ಉದ್ದಕ್ಕೆ ಇಳಿದಿರುತ್ತಿತ್ತು.

ದರ್ಜಿಯಮ್ಮನಿಗೆ ಆ ಕಲೆಗಳೆಂದರೆ ಕಣ್ಣಿನ ಕಸ. ಹೊಲಿಗೆಯಿಂದಲೇ ಕಟ್ಟಿಸಿದ ಮನೆ. ಬಟ್ಟೆ ಕೊಡಲು ಬರುವವರಿಗೆಲ್ಲ ಮೊದಲು ಕಾಣುವುದು ಆ ಗೋಡೆ. "ನಾನು ಹೊಲಿದ ಬಟ್ಟೆ ಮೇಲೆ ಒಂದು ಎಣ್ಣೆ ಚುಕ್ಕೆ ಬಿದ್ರೆ ಜನ ಬಟ್ಟೆನೇ ವಾಪಸ್ ಎಸೀತಾರೆ. ಇಲ್ಲಿ ನೋಡು, ಮನೆ ಮುಂದೆ ಸಾಲಾಗಿ ನಿಂತು ಯಾರೋ ಎಲೆಯಡಿಕೆ ಉಗಿದ ಹಾಗಿದೆ. ಈ ಸಲ ಬಣ್ಣ ಹೊಡೆದ ಮೇಲೆ ಈ ದರಿದ್ರ ಕಾಣಬಾರದು" ಎಂದಳು.

ಆ ಕೆಲಸದ ಹೊತ್ತಿಗೆ ಸರಿಯಾಗಿ ಮೇಸ್ತ್ರಿಯ ಮೊಣಕಾಲು ಊದಿಕೊಂಡಿತು. ಎಷ್ಟೋ ವರ್ಷ ಏಣಿಯ ಮೆಟ್ಟಿಲಿಗೆ ಒತ್ತಿ ಒತ್ತಿ ಸವೆದ ಕಾಲು, ಒಂದು ಬೆಳಿಗ್ಗೆ ಮಡಿಸಲಾರೆ ಎಂದು ಹಟ ಹಿಡಿಯಿತು. "ನಾನೇ ಮಾಡ್ತೀನಿ ರೀ, ಎರಡೂ ಪಾಲು" ಎಂದಳು ಅವಳು. ಮಂಚದ ಮೇಲಿಂದ ಮೇಸ್ತ್ರಿ ಅವಳನ್ನು ನೋಡಿದ, ಏಣಿಯನ್ನು ನೋಡಿದ, "ಮಾಡು. ನಿನ್ನ ಕೈಗೇನು ಕಡಿಮೆ? ಪೈಪುಗಳನ್ನ ಮಾತ್ರ ಬಿಡಿಸ್ಕೋ. ಒಳಗೆ ಕಸ ಕೂತಿರುತ್ತೆ, ಕೋಲು ಹಾಕಿ ಕುತ್ತು" ಎಂದ.

ಹೀಗೆ ಒಂದಿಡೀ ಗೋಡೆ ಮೊದಲ ಸಲ ಅವಳ ಪಾಲಿಗೆ ಬಂತು. ಏಣಿ ಹತ್ತಿ ಮೇಲಿನಿಂದ ನೋಡಿದಾಗ ಬೀದಿಯೇ ಬೇರೆಯಾಗಿ ಕಂಡಿತು. ಗೋಡೆಯ ಮೂಲೆಯ ದೊಡ್ಡ ಮರದಡಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ಕೂರುವ ಗಾಳಿಮಾಮ ಕೆಳಗಿನಿಂದ ಕೂಗಿದ:

"ಏನಮ್ಮಾ, ಬಡ್ತಿ ಸಿಕ್ತಾ?"

"ಹೂಂ ಮಾಮ. ಇನ್ಮೇಲೆ ಮೇಲಿನವರ ಜೊತೆ ಮರ್ಯಾದೆಯಿಂದ ಮಾತಾಡಿ."

"ಮರ್ಯಾದೆ ಕೊಡೋಣ. ಬಣ್ಣ ಮಾತ್ರ ತಲೆ ಮೇಲೆ ಸುರೀಬೇಡ. ಇರೋ ನಾಲ್ಕು ಕೂದಲು ಬೆಳ್ಳಗಾದ ಮೇಲೂ ಒಂದು ಅಂದ ಇದೆ."

ಗಾಳಿಮಾಮನಿಗೆ ಅಂಗಡಿ ಇಲ್ಲ. ಆ ಮರದ ನೆರಳೇ ಅಂಗಡಿ. ಒಂದು ಪೆಟ್ಟಿಗೆ, ಒಂದು ಪಂಪು, ನೀರಿನ ಬೋಗುಣಿ, ಕೂರಲು ಹಳೆಯ ಟೈರು. ಮರ ದರ್ಜಿಯಮ್ಮನ ಜಾಗದಲ್ಲೇ, ಗೋಡೆಗೆ ಹೊರಗೆ ಬೆಳೆದದ್ದು. ಅವಳೂ ಅವನನ್ನು ಏಳು ಎಂದವಳಲ್ಲ. ಬೆನ್ನಿಗೆ ಗೋಡೆ, ತಲೆಗೆ ಮರ, ಅಷ್ಟರಲ್ಲಿ ಅವನ ಕಸುಬು ನಡೆದುಕೊಂಡು ಬಂದಿತ್ತು.

ಬಣ್ಣದಕ್ಕ ಆ ಗೋಡೆಗೆ ಸುರಿದ ಜೀವವನ್ನು ಬೇರೆ ಯಾವ ಗೋಡೆಗೂ ಸುರಿದಿರಲಿಲ್ಲ. ಎರಡು ಸಲ ಪುಟ್ಟಿ, ಎರಡು ಸಲ ಉಜ್ಜು. ಅಂಗೈ ಆಡಿಸಿದರೆ ಒಂದು ಕಡೆಯೂ ತಡೆಯಬಾರದು. ಕೊನೆಗೆ ಪೈಪುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಕೈಯಲ್ಲಿ ಕೋಲಿತ್ತು. ಕಣ್ಣ ಮುಂದೆ ಮಾತ್ರ ಮುಂದಿನ ಮಳೆಗಾಲದ ಕಂದು ಕಲೆಗಳು. ಈ ಬಣ್ಣದ ಮೇಲೆ, ತನ್ನ ಇಡೀ ಗೋಡೆಯ ಮೇಲೆ.

ಅಂಗಳಕ್ಕೆ ಈಗ ಟೈಲ್ಸ್ ಹಾಕಿಸಿದ್ದಾರಲ್ಲ, ಮಣ್ಣಿಗೆ ನೀರು ಎಲ್ಲಿಂದ ಇಳಿಯುತ್ತದೆ ಎಂದುಕೊಂಡಳು. ಏರಿನ ಮೇಲಿನ ಮನೆಗಳ ನೀರು ನೆಲದೊಳಗೇ ಹರಿದು ಬರುತ್ತದೆಂದು ಮೇಸ್ತ್ರಿ ಎಂದೋ ಹೇಳಿದ್ದು ನೆನಪಿಗೆ ಬಂತು. ಬಂದ ನೆನಪನ್ನು ಅವಳು ಆಚೆಗೆ ತಳ್ಳಿದಳು. ಗೋಣಿಚೀಲದ ಚೂರುಗಳನ್ನು ಉಂಡೆ ಮಾಡಿ ಪೈಪಿನೊಳಗೆ ಆಳಕ್ಕೆ ತುರುಕಿದಳು. ಅದರ ಮೇಲೆ ಸಿಮೆಂಟು ಮೆತ್ತಿದಳು. ಬಾಯಿಯನ್ನು ಮುಚ್ಚಲಿಲ್ಲ. ಅಂಚಿಗೆ ಅಚ್ಚುಕಟ್ಟಾಗಿ ಬಣ್ಣ ಹಚ್ಚಿ ಪೈಪು ಪೈಪಿನಂತೆಯೇ ಕಾಣುವಂತೆ ಬಿಟ್ಟಳು. ಕೈಗೆ ಅಷ್ಟು ಜಾಣತನ ಎಲ್ಲಿಂದ ಬಂತೋ! ತಿಳಿಯದೆ ಮಾಡಿದ ತಪ್ಪಾಗಿದ್ದರೆ ಅವಳು ಬಾಯಿಯನ್ನೇ ಮುಚ್ಚಿಬಿಡುತ್ತಿದ್ದಳು.

ಮನೆಗೆ ಬಂದಾಗ ಮೇಸ್ತ್ರಿ ಕೇಳಿದ್ದು ಅದನ್ನೇ. "ಪೈಪು ಬಿಡಿಸಿದ್ಯಾ?"

"ಹೂಂ" ಎಂದಳು.

ಆ ಮಳೆಗಾಲ ಕಳೆದಾಗ ಗೋಡೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ದರ್ಜಿಯಮ್ಮ ಬಟ್ಟೆ ಕೊಡಲು ಬಂದವರನ್ನೆಲ್ಲ ಕೆಳಗೆ ಕರೆತಂದು ತೋರಿಸಿದಳು. "ಇದು ಮೇಸ್ತ್ರಿ ಕೆಲಸ ಅಲ್ಲ, ಅವನ ಹೆಂಡತಿದು. ಮುಟ್ಟಿ ನೋಡಿ." ಜನ ಮುಟ್ಟಿ ನೋಡಿದರು. ಏರುಬೀದಿಯಲ್ಲಿ ಗೇಟು, ಕಾಂಪೌಂಡು, ಕಿಟಕಿ ಚೌಕಟ್ಟು ಎಂದು ಅವಳನ್ನೇ ಹುಡುಕಿಕೊಂಡು ಬರುವವರಾದರು. ಮೇಸ್ತ್ರಿಯ ಕಾಲು ಅರ್ಧ ಮಾತ್ರ ವಾಸಿಯಾಗಿತ್ತು. ನಿಲ್ಲಬಲ್ಲ, ನಡೆಯಬಲ್ಲ, ಕೂರಲು ಬಗ್ಗಲಾರ. ಆದರೂ ಹೊಟ್ಟೆಕಿಚ್ಚು ಪಡುವ ಜಾತಿಯಲ್ಲ ಅವನು. "ನನ್ನನ್ನ ಈಗ ಬಣ್ಣದಕ್ಕನ ಗಂಡ ಅಂತಾರೆ ಕಣೇ" ಎಂದು ಬಡಿಸಿದ ಅನ್ನ ಕಲೆಸುತ್ತ ಹೇಳಿ ಹಿಗ್ಗಿದ. ಅವನು ಹಿಗ್ಗಿದಷ್ಟೂ ಅವಳು ತನ್ನ ತಟ್ಟೆಯ ಅನ್ನವನ್ನು ಬದಿಗೆ ಸರಿಸುತ್ತಿದ್ದಳು. ಕಾರಣ ಏನೆಂದು ತನ್ನನ್ನು ತಾನು ಕೇಳಿಕೊಳ್ಳುವಷ್ಟು ಧೈರ್ಯ ಮಾಡಲಿಲ್ಲ.

ಮರುವರ್ಷ ಮಳೆ ಜೋರಾಗಿಯೇ ಹಿಡಿಯಿತು. ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತ ಅವಳು ತಿರುವಿನಲ್ಲಿ ನಿಂತಳು. ಮರದ ಹತ್ತಿರ ಗೋಡೆ ಮುಂದಕ್ಕೆ ಉಬ್ಬಿತ್ತು. ಗೋಡೆ ಹೊಟ್ಟೆ ಬಿಟ್ಟಿದೆ ಎನ್ನುತ್ತಾರಲ್ಲ, ಹಾಗೆ. ಮೇಲಿನಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಬೀದಿಯ ಉಳಿದ ಗೋಡೆಗಳೆಲ್ಲ ಬಿಸಿಲಿಗೆ ಒಣಗಿದ್ದರೂ ಇದೊಂದು ಒಣಗಿರಲಿಲ್ಲ. ಬಣ್ಣ ಅಲ್ಲಲ್ಲಿ ಹಾಲಿನ ಕೆನೆಯಂತೆ ಗುಳ್ಳೆಯೆದ್ದಿತ್ತು. ಒಂದು ಗುಳ್ಳೆಯನ್ನು ಬೆರಳಿನಿಂದ ಒತ್ತಿದಳು. ನೀರು ಒಡೆದು ಮಣಿಕಟ್ಟಿನ ತನಕ ಇಳಿಯಿತು. ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ದರ್ಜಿಯಮ್ಮ ಮೇಸ್ತ್ರಿಗೆ ಹೇಳಿ ಕಳಿಸಿದಳು. ಅವನು ಕುಂಟುತ್ತ ಬಂದು ಗೋಡೆಗೆ ಕೆನ್ನೆಯೊಡ್ಡಿ ಒಂದು ಕಣ್ಣು ಮುಚ್ಚಿ ನೋಡಿದ, ಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಬುಡಕ್ಕೆ ಬಗ್ಗಲು ಹೋಗಿ, ನೋವಿಗೆ ಹಲ್ಲು ಕಚ್ಚಿ, ನೆಟ್ಟಗಾದ.

"ಪೈಪೆಲ್ಲ ಬಿಟ್ಟಿವೆ ತಾನೆ?" ಎಂದು ಹೆಂಡತಿಯ ಕಡೆ ತಿರುಗಿದ.

ದರ್ಜಿಯಮ್ಮ ನಿಂತಿದ್ದಳು. ಗಾಳಿಮಾಮ ಟ್ಯೂಬು ಕೈಯಲ್ಲಿ ಹಿಡಿದು ನಿಂತಿದ್ದ. ಬಣ್ಣದಕ್ಕ ಕೂತಳು, ಒಂದು ಪೈಪಿನ ಬಾಯಿಗೆ ಬೆರಳಿಟ್ಟಳು, ಎದ್ದಳು. "ಬಿಟ್ಟಿವೆ" ಎಂದಳು.

"ಹಾಗಾದ್ರೆ ಇದು ನೀರಿನ ಕೆಲಸ ಅಲ್ಲ. ಬೇರು" ಎಂದ ಮೇಸ್ತ್ರಿ. ಗೋಡೆಯ ಬುಡಕ್ಕೆ ತೋಳಿನಂಥ ಬೇರೊಂದು ಹೊಕ್ಕಿತ್ತು. ಅದು ಎಲ್ಲರಿಗೂ ಕಾಣುತ್ತಲೂ ಇತ್ತು. "ಮರ ತೆಗೀಬೇಕಮ್ಮ. ತೆಗೆದು, ಬೇರು ಬಿಡಿಸಿ, ಈ ಭಾಗ ಬಿಚ್ಚಿ ಕಟ್ಟಿದ್ರೆ ಸರಿಹೋಗುತ್ತೆ. ಮರ ಇಟ್ಕೊಂಡು ಎಷ್ಟು ಸಲ ಕಟ್ಟಿದ್ರೂ ಅಷ್ಟೇ."

ದರ್ಜಿಯಮ್ಮ ಗಾಳಿಮಾಮನ ಕಡೆ ನೋಡಲಾರದೆ ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಮತ್ತೆ ಚುಚ್ಚಿಕೊಂಡಳು. "ನನಗೇನು ಮರದ ಮೇಲೆ ಸಿಟ್ಟಾ? ಗೋಡೆ ಬಿದ್ರೆ ಮೊದಲು ಹೋಗೋದು ನೀವೇ ಅಲ್ವಾ" ಎಂದಳು ಅವನಿಗೆ.

"ಮೇಸ್ತ್ರಿ ಹೇಳಿದ ಮೇಲೆ ಮುಗೀತಲ್ಲ. ಅವನು ಗೋಡೆ ನಾಡಿ ಹಿಡಿಯೋನು" ಎಂದ ಗಾಳಿಮಾಮ. ಆಮೇಲೆ ಮರದ ಕಾಂಡವನ್ನು ಹಳೆಯ ಜೊತೆಗಾರನ ಬೆನ್ನೆಂಬಂತೆ ತಟ್ಟಿ, "ಇದಕ್ಕಾದ್ರೂ ಏನು ಗೊತ್ತು? ಬೇರು ಬಿಡೋದು ಬಿಟ್ರೆ ಬೇರೆ ಕಸುಬು ಕಲೀಲಿಲ್ಲ, ನನ್ನ ಹಾಗೆ" ಎಂದು ನಕ್ಕ. ಎಲ್ಲರೂ ನಕ್ಕರು. ಬಣ್ಣದಕ್ಕನೂ ನಗಬೇಕಾಯಿತು.

ಅಲ್ಲಿಂದ ಮುಂದೆ ಅವಳ ದಿನಗಳು ತಪ್ಪಿತಸ್ಥೆಯ ದಿನಗಳಾದವು. ಗಂಡನ ಎದುರಿಗೆ ತಟ್ಟೆ ಇಟ್ಟು, ಈಗ ಹೇಳುತ್ತೇನೆ ಎಂದು ಬಾಯಿ ತೆರೆಯುವಳು, ಬಾಯಿಂದ "ಇನ್ನೊಂಚೂರು ಹಾಕಲಾ?" ಎಂದು ಬರುತ್ತಿತ್ತು. ಹೇಳಿದರೆ ಅವನ ಮಾತು ಸುಳ್ಳಾಗುತ್ತದೆ. ಗೋಡೆಯ ನಾಡಿ ಹಿಡಿಯುವವನೆಂದು ಜನ ನಂಬಿದ ಕೈ ನಗೆಪಾಟಲಾಗುತ್ತದೆ. ಹೀಗೆ ಅವನ ಮಾನದ ನೆಪ ಹೇಳಿಕೊಳ್ಳುತ್ತಿದ್ದಳು. ಒಳಗೆ ಇನ್ನೂ ಒಂದು ಇತ್ತು: ಅದೊಂದೇ ಗೋಡೆ ಇಡಿಯಾಗಿ ತನ್ನದು. ಅದೂ ಹೋದರೆ ಉಳಿಯುವುದು ಊರವರ ಕೆಳಗಿನರ್ಧಗಳು.

ಒಂದು ನಸುಕಿನಲ್ಲಿ, ಬೀದಿ ಏಳುವ ಮೊದಲೇ, ಕಬ್ಬಿಣದ ಸರಳು ಹಿಡಿದು ಹೋದಳು. ಯಾರಿಗೂ ತಿಳಿಯದಂತೆ ಪೈಪು ಬಿಡಿಸಿಬಿಟ್ಟರೆ ನೀರು ಇಳಿಯುತ್ತದೆ, ಗೋಡೆ ಹೊಟ್ಟೆ ಎಳೆದುಕೊಳ್ಳದಿದ್ದರೂ ಮುಂದೆ ಬರುವುದು ನಿಲ್ಲುತ್ತದೆ, ಆಗ ಮರ ಇರಲಿ ಎಂದು ಹೇಗಾದರೂ ಹೇಳಬಹುದು. ಸರಳು ತೂರಿಸಿ ಕುತ್ತಿದಳು. ಟಣ್ ಎಂದಿತು. ಮತ್ತೆ ಕುತ್ತಿದಳು. ಅವಳು ಮೆತ್ತಿದ ಸಿಮೆಂಟು ಕಲ್ಲಾಗಿತ್ತು. ಕೆಲಸದಲ್ಲಿ ಮೋಸ ಮಾಡಿ ಅಭ್ಯಾಸವಿಲ್ಲದ ಕೈ, ಮೋಸವನ್ನೂ ಗಟ್ಟಿಯಾಗಿಯೇ ಮಾಡಿತ್ತು.

"ಏನಮ್ಮಾ, ಗೋಡೆಗೆ ಕಿವಿ ಗುಗ್ಗೆ ತೆಗೀತಿದ್ದೀಯಾ?"

ಗಾಳಿಮಾಮ ಪೆಟ್ಟಿಗೆ ಹೊತ್ತು ಹಿಂದೆ ನಿಂತಿದ್ದ. ಅವಳ ಕೈಯ ಸರಳು ಜಾರಿತು. "ಕಸ ಮಾಮ. ಕಸ ಕೂತಿತ್ತು."

"ಕಸಕ್ಕೆ ಸರಳು ಯಾಕೆ? ಇರು." ಅವನು ಪೆಟ್ಟಿಗೆ ಇಳಿಸಿ ಪಂಪು ತಂದ, ಅದರ ಕೊಳವೆಯ ತುದಿಗೆ ಹಳೆಯ ಟ್ಯೂಬು ಸಿಕ್ಕಿಸಿದ. "ಇಂಥ ಎಷ್ಟು ನಳಿಗೆ ಬಿಡಿಸಿಲ್ಲ ನಾನು! ಎರಡು ಸಲ ಒತ್ತಿದ್ರೆ ಒಳಗಿರೋ ಕಸ ದರ್ಜಿಯಮ್ಮನ ಅಡಿಗೆಮನೆಗೆ ಹೋಗಿ ಬೀಳಬೇಕು."

"ಬೇಡ ಮಾಮ."

"ಅಯ್ಯೋ, ದುಡ್ಡು ಕೇಳಲ್ಲ ಮಾರಾಯ್ತಿ."

"ಬೇಡ ಅಂದ್ನಲ್ಲ!"

ದನಿ ಅವಳಿಗೇ ಒರಟಾಗಿ ಕೇಳಿಸಿತು. ಗಾಳಿಮಾಮ ಪಂಪನ್ನು ಹಿಂದಕ್ಕೆ ತೆಗೆದುಕೊಂಡ. "ಆಗ್ಲಿ ಬಿಡು. ಬೆಳಿಗ್ಗೆ ಬೆಳಿಗ್ಗೆ ಮೇಸ್ತ್ರಿ ಜೊತೆ ಜಗಳ ಆಡ್ಕೊಂಡು ಬಂದಿದ್ದೀಯ ಅನ್ಸುತ್ತೆ" ಎಂದು ಅವಳ ಒರಟುತನಕ್ಕೂ ತಾನೇ ಒಂದು ಕಾರಣ ಹುಡುಕಿಕೊಟ್ಟು, ಟೈರಿನ ಮೇಲೆ ಕೂತು, ಅಭ್ಯಾಸದಂತೆ ಗೋಡೆಗೆ ಬೆನ್ನು ಕೊಟ್ಟ. ಸರಿಯಾಗಿ ಆ ಉಬ್ಬಿನ ಕೆಳಗೆ.

"ಅಲ್ಲಿ ಒರಗಬೇಡಿ ಮಾಮ" ಎಂದಳು. ಅಷ್ಟನ್ನು ಮಾತ್ರ ಹೇಳಲು ಅವಳಿಂದಾಯಿತು.

ಮರ ಕಡಿಯುವವರು ಬಂದ ದಿನ ಬಿಸಿಲಿತ್ತು. ಅವಳು ಅದೇ ಬೀದಿಯ ಮೇಲ್ತುದಿಯ ಮನೆಯೊಂದರ ಗೇಟಿಗೆ ಬಣ್ಣ ಹಚ್ಚುತ್ತಿದ್ದಳು. ಮೊದಲ ಏಟಿನ ಸದ್ದು ಕೇಳಿದಾಗ ಬ್ರಶ್ಶು ನಿಂತಿತು. ಈ ಸರಳು ಮುಗಿಸಿ ಹೋಗುತ್ತೇನೆ ಎಂದುಕೊಂಡಳು. ಸರಳು ಮುಗಿಯಿತು. ಇನ್ನೊಂದು ಸರಳು ಮುಗಿಸಿ ಹೋಗುತ್ತೇನೆ ಎಂದುಕೊಂಡಳು. ಕೊಂಬೆಯೊಂದು ನೆಲಕ್ಕೆ ಬಿದ್ದ ಸದ್ದು ಅಂಗಾಲಿಗೆ ತಾಗಿತು. ಹಕ್ಕಿಗಳು ಒಟ್ಟಿಗೆ ಎದ್ದು ಬೀದಿಯ ಮೇಲೆ ಸುತ್ತಿದವು. ಕಡಿಯುವವರು ಮೊದಲು ಬೀದಿಯ ಕಡೆಯ ಕೊಂಬೆಗಳನ್ನು ತೆಗೆಯುತ್ತಾರೆಂದು, ಗಾಳಿಮಾಮನ ನೆರಳೆಲ್ಲ ಆ ಕೊಂಬೆಗಳದ್ದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೂ ಒಂದು ಸರಳಿಗೆ ಬಣ್ಣ ಹಚ್ಚಿದಳು. ಮುಂದೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಪೈಪಿಗೆ ತುರುಕಿದ ಗೋಣಿಗಿಂತ ಹೆಚ್ಚಾಗಿ ಆ ಕೊನೆಯ ಸರಳು.

ಎರಡನೆಯ ಕೊಂಬೆ ಬಿದ್ದಾಗ ಬ್ರಶ್ಶನ್ನು ಡಬ್ಬಿಯಲ್ಲೇ ಬಿಟ್ಟು ಓಡಿದಳು.

ಬೀದಿಯ ತುಂಬ ಎಲೆ. ಗಾಳಿಮಾಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರು ಬದಿಯ ಮೆಟ್ಟಿಲ ಮೇಲೆ ಕೂತಿದ್ದ. ಮೇಸ್ತ್ರಿ ಕೈ ತೋರಿಸಿ ಏನೋ ಹೇಳುತ್ತಿದ್ದ. ಕಾಂಡಕ್ಕೆ ಗರಗಸ ಇಡಲು ಇಬ್ಬರು ಸಿದ್ಧರಾಗಿದ್ದರು.

"ನಿಲ್ಸಿ!" ಎಂದಳು.

"ಏನಾಯ್ತೇ?" ಎಂದ ಮೇಸ್ತ್ರಿ.

 ಬೇರು ಬಿಡಿಸಲೆಂದು ಮರದವರು ತಂದಿದ್ದ ಹಾರೆಯನ್ನು ಎತ್ತಿಕೊಂಡು ಗೋಡೆಯ ಬುಡಕ್ಕೆ ಹೋದಳು. ಪೈಪಿನ ಬಾಯಿಗೆ ಹಾರೆಯ ಮೊನೆ ಇಟ್ಟು ಮೈಯ ಭಾರವನ್ನೆಲ್ಲ ಹಾಕಿ ಕುತ್ತಿದಳು. ಒಂದು ಸಲ, ಇನ್ನೊಂದು ಸಲ. "ಲೇ, ಗೋಡೆ ಬೀಳುತ್ತೆ!" ಎಂದು ಮೇಸ್ತ್ರಿ ಕೂಗಿದ. ಮತ್ತೊಂದು ಏಟಿಗೆ ಒಳಗೆ ಏನೋ ಮುರಿಯಿತು. ಮೊದಲು ಎಳೆಯಷ್ಟು ನೀರು ಬಂತು. ಆಮೇಲೆ ಕೊಳೆತ ಗೋಣಿಯ ಉಂಡೆಯನ್ನು ಉಗುಳಿ, ಕಂದು ನೀರು ಭೋರೆಂದು ನುಗ್ಗಿ ಅವಳ ಎದೆ, ಮಡಿಲು, ಕಾಲು ಎಲ್ಲ ತೋಯಿಸಿ ಬೀದಿಗೆ ಹರಿಯಿತು. ಬಿದ್ದ ಎಲೆಗಳು ಆ ನೀರಿನಲ್ಲಿ ತೇಲಿ ಇಳಿಜಾರಿಗೆ ಹೊರಟವು.

 ಹೊಲಿಗೆಯ ಕಿಟಕಿಯಿಂದ ನೋಡುತ್ತಿದ್ದ ದರ್ಜಿಯಮ್ಮ ಮೆಟ್ಟಿಲಿಳಿದು ಬಂದಳು.

"ಯಾರು ಇದನ್ನ ಮುಚ್ಚಿದ್ದು?"

"ನಾನು."

"ಯಾವಾಗ?"

"ಬಣ್ಣ ಹೊಡೆದಾಗ. ಎಲ್ಲಾ ಪೈಪೂ ಹೀಗೇ ಇವೆ. ಮರದ್ದೇನೂ ತಪ್ಪಿಲ್ಲಮ್ಮ. ಇವರದೂ ಇಲ್ಲ, ಇವರಿಗೆ ನಾನು ಸುಳ್ಳು ಹೇಳಿದ್ದೆ."

"ಯಾಕೆ ಮುಚ್ಚಿದೆ?"

"ಚೆನ್ನಾಗಿ ಕಾಣ್ಲಿ ಅಂತ."

ದರ್ಜಿಯಮ್ಮ ಗೋಡೆಯನ್ನು ನೋಡಿದಳು, ಬೀದಿಯಲ್ಲಿ ಬಿದ್ದ ಕೊಂಬೆಗಳನ್ನು ನೋಡಿದಳು. "ಕಲೆ ತೆಗಿ ಅಂದೆ. ಗೋಡೆನೇ ತೆಗಿ ಅಂದಿರ್ಲಿಲ್ವಲ್ಲೇ" ಎಂದಳು. ಬಯ್ಯಲು ಬಾಯಿ ತೆರೆದವಳು, ಬಯ್ಗುಳ ಸಾಕಾಗುವುದಿಲ್ಲವೆಂದೋ ಏನೋ, ಮರದವರನ್ನು ವಾಪಸು ಕಳಿಸಿ ಮೆಟ್ಟಿಲು ಹತ್ತಿ ಹೋದಳು. ಆಮೇಲೆ ಆ ದಿನವೆಲ್ಲ ಅವಳು ಹೊಲಿಗೆಯಂತ್ರ ತುಳಿದ ಸದ್ದು ಕೇಳಲಿಲ್ಲ.

ಉಳಿದ ಪೈಪುಗಳನ್ನು ಸಂಜೆಯ ತನಕ ಬಣ್ಣದಕ್ಕ ಒಬ್ಬಳೇ ಒಡೆದಳು. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ. ಕೈ ಹಾಕಲಿಲ್ಲ, ಬಿಟ್ಟೂ ಹೋಗಲಿಲ್ಲ. ಮನೆಯ ದಾರಿಯಲ್ಲಿ ಕುಂಟುತ್ತ ಅವಳಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದ. ಬಾಗಿಲ ಹತ್ತಿರ ಬೀಗದ ಕೈ ಹುಡುಕುತ್ತ, ತಿರುಗಿ ನೋಡದೆ ಹೇಳಿದ:

"ಗೋಡೆ ಹೋದ್ರೆ ಕಟ್ಟೋಣ. ತಪ್ಪು ಎಲ್ರೂ ಮಾಡ್ತಾರೆ, ನಾನೇನು ಕಡಿಮೆ ಮಾಡಿದ್ದೀನಾ? ಆದ್ರೆ ನನ್ನ ಕಾಲು ಬಗ್ಗಲ್ಲ ಅಂತ ನಿನ್ನ ಕಣ್ಣಲ್ಲಿ ನೋಡಿದೆ ನಾನು. ನಿನ್ನ ಕಣ್ಣಲ್ಲಿ ನೋಡಿ ಆ ಮುದುಕನಿಗೆ ಮರ ತೆಗೀಬೇಕು ಅಂದೆ."

"ತಪ್ಪಾಯ್ತು ರೀ."

"ನನಗೆ ಹೇಳ್ಬೇಡ" ಎಂದು ಒಳಗೆ ಹೋದ.

ಗೋಡೆಯನ್ನು ಬಿಚ್ಚಿ ಕಟ್ಟುವ ಕೆಲಸ ಗಂಡಹೆಂಡಿರ ಮೇಲೆಯೇ ಬಿತ್ತು. ಬೀಳದಿದ್ದರೆ ಅವರೇ ಕೇಳಿ ಪಡೆಯುತ್ತಿದ್ದರು. ಕಲ್ಲು ಹೊರುವಾಗ, ಗಾರೆ ಕಲೆಸುವಾಗ ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು. "ಏನು ಬಣ್ಣದಕ್ಕ, ಈ ಸಲ ಮನೆ ಬಾಗಿಲು ಮುಚ್ಚಿಬಿಡ್ಬೇಡಿ" ಎಂದು ಹಾಲು ಹಾಕುವವನು ಅಂದದ್ದಕ್ಕೆ ಎಲ್ಲರೂ ನಕ್ಕರು. ಆ ನಗುವನ್ನು ಅವಳು ತಡೆದುಕೊಂಡಳು. ತಡೆಯಲಾರದೆ ಹೋದದ್ದು ಗಾಳಿಮಾಮನ ಸುಮ್ಮನಿರುವಿಕೆಯನ್ನು.

ಅವನು ದಿನವೂ ಬರುತ್ತಿದ್ದ. ಅರ್ಧ ಉಳಿದ ಮರದ ನೆರಳು ಈಗ ದರ್ಜಿಯಮ್ಮನ ಅಂಗಳಕ್ಕೆ ಬೀಳುತ್ತಿತ್ತು. ಅವನು ತಲೆಗೆ ಟವಲು ಸುತ್ತಿಕೊಂಡು ಬಿಸಿಲಲ್ಲೇ ಕೂತು ಪಂಕ್ಚರು ಹಾಕುತ್ತಿದ್ದ. ಒಂದು ತಮಾಷೆಯಿಲ್ಲ, ಕೊಂಕಿಲ್ಲ. "ಮಾಮ, ಕಾಫಿ ತರಲಾ?" ಎಂದರೆ "ಬೇಡಮ್ಮ." "ಟೈರು ಈ ಕಡೆ ಹಾಕಿಕೊಡ್ಲಾ?" ಎಂದರೆ "ಇರ್ಲಮ್ಮ." ಗಿರಾಕಿಗಳ ಹತ್ತಿರ ಮಾತ್ರ ಎಂದಿನಂತೆ ನಗುತ್ತ ಮಾತಾಡುವನು. ಅವಳು ಹತ್ತಿರ ಬಂದರೆ ಆ ನಗು ಮಡಚಿ ಪೆಟ್ಟಿಗೆಯೊಳಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕೈ ತೊಳೆದು ಅವನ ಎದುರು ಬಂದು ಕೂತಳು.

"ಮಾಮ, ಬಯ್ಯಿರಿ."

ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.

"ಅವತ್ತು ಬೆಳಿಗ್ಗೆ ನಾನು ಪಂಪು ತಂದಿದ್ನಲ್ಲ" ಎಂದ. "ಆಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೂಂ."

ಗುಳ್ಳೆ ಎದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಟ್ಯೂಬನ್ನು ಮೇಲೆತ್ತಿದ. "ಗೋಡೆ ಬೀಳೋದಾಗಿದ್ರೆ ನನ್ನ ಮೇಲೆ ಬೀಳೋದು. ಅದಕ್ಕಲ್ಲ. ಮನುಷ್ಯ ಇವತ್ತಲ್ಲ ನಾಳೆ ಬೀಳೋನೇ. ನಾನು ಮೂರು ದಿನ ಆ ಮರಾನ ಬಯ್ದೆ ಕಣಮ್ಮ. ಇಷ್ಟು ವರ್ಷ ಜೊತೇಲಿದ್ದು ಕೊನೆಗೆ ಅನ್ನಕ್ಕೆ ಕಲ್ಲು ಹಾಕ್ತಲ್ಲ ಅಂತ. ಯಾರೂ ಇಲ್ಲದಾಗ ಬಾಯಿಗೆ ಬಂದ ಹಾಗೆ ಬಯ್ದೆ. ಅದು ಕೇಳ್ಕೊಂಡು ನಿಂತಿತ್ತು."

 ಅವನು ಟ್ಯೂಬು ಒರೆಸಿ, ಉಜ್ಜಿ, ಅಂಟು ಹಚ್ಚಿದ. ಬಿಸಿಲಿನ ಝಳಕ್ಕೆ ಅಂಟು ಹಚ್ಚುತ್ತಿದ್ದಂತೆಯೇ ಒಣಗಿ ಮುದುರಿತು. ತೇಪೆ ಕೂರಲಿಲ್ಲ. ಕೆರೆದು ತೆಗೆದು ಮತ್ತೆ ಹಚ್ಚಿದ. ಮತ್ತೆ ಮುದುರಿತು. ಸೈಕಲ್ ಬಿಟ್ಟುಹೋದವರು ಬೀದಿಯ ತುದಿಯಲ್ಲಿ ವಾಪಸು ಬರುತ್ತಿರುವುದು ಕಾಣುತ್ತಿತ್ತು. ಅವನು ಮತ್ತೆ ಕೆರೆಯತೊಡಗಿದ.

ಅವಳು ಎದ್ದು ಹೋಗಿ ಸಿಮೆಂಟು ಮುಚ್ಚಲು ತಂದಿದ್ದ ಟಾರ್ಪಾಲಿನ ಹಾಳೆಯನ್ನು ತಂದಳು. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿ, ಸೂರ್ಯನಿಗೆ ಅಡ್ಡವಾಗಿ ನಿಂತಳು. ನೆಲದ ಮೇಲೆ ಮೊರದಗಲದ ನೆರಳು ಬಿತ್ತು. ಅವಳು ಒಂದು ಹೆಜ್ಜೆ ಸರಿದು ಅದನ್ನು ಅವನ ಮೇಲಕ್ಕೆ ತಂದಳು.

ಗಾಳಿಮಾಮ ತಲೆಯೆತ್ತಲಿಲ್ಲ. ಕೂತ ಟೈರನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ಮತ್ತೆ ಬಿಸಿಲಿಗೇ ಸರಿದ. ಆಮೇಲೆ ಕೈ ಚಾಚಿ, ಟ್ಯೂಬನ್ನೂ ಅಂಟಿನ ಡಬ್ಬಿಯನ್ನೂ ಮಾತ್ರ ನೆರಳಿಗಿಟ್ಟು, ಕೆಲಸ ಮುಂದುವರಿಸಿದ.

ಅವಳು ತೋಳು ಇಳಿಸದೆ ನಿಂತಿದ್ದಳು.